ಮೇಷ್ಟ್ರ ಎಡಗಾಲು

ನಮ್ಮ ಡ್ರೈವಿಂಗ್ ಮೇಷ್ಟ್ರು ಕಾರಿಗೆ ಹೆದರುತ್ತಿದ್ದರು. ಹುಣಸೂರಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ. ಹೊಗೆಸೊಪ್ಪಿನ ಬೇಲು ತುಂಬಿದ ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿದವರು, ಆಮೇಲೆ ಪೇಟೆಯ ಅರ್ಧ ಜನಕ್ಕೆ ಕಾರು ಕಲಿಸಿದವರು, ಅವರಿಗೆಂಥ ಹೆದರಿಕೆ ಎನ್ನುತ್ತಾರೆ. ಹೋದ ತಿಂಗಳು ಅವರು ತೀರಿಕೊಂಡಾಗ ಮಣ್ಣಿಗೆ ಬಂದವರೆಲ್ಲ ಅವರ ಧೈರ್ಯವನ್ನೇ ಹೊಗಳುತ್ತಿದ್ದರು. ನಾನು ಒಂದು ಕಡೆ ನಿಂತು ಕೇಳಿಸಿಕೊಂಡೆ. ಅವರ ಧೈರ್ಯದ ವಿಚಾರ ನನಗೆ ಗೊತ್ತಿಲ್ಲ. ಹೆದರಿಕೆ ಚೆನ್ನಾಗಿ ಗೊತ್ತು. ಹನ್ನೊಂದು ದಿನ ಅದರಲ್ಲಿ ನಾನೂ ಪಾಲು ತೆಗೆದುಕೊಂಡಿದ್ದೆ.

ಹೆಸರು ಬರೆಯುವುದಿಲ್ಲ. ಬರೆದರೂ ಊರಿನಲ್ಲಿ ಎಷ್ಟೋ ಜನಕ್ಕೆ ಯಾರೆಂದು ತಕ್ಷಣ ಹೊಳೆಯಲಾರದು, ಎಲ್ಲರಿಗೂ ಅವರು ಬರೀ ಮೇಷ್ಟ್ರು. ಕುಳ್ಳಗಿನ ಕಪ್ಪು ಮನುಷ್ಯ, ತೋಳು ಮಡಚಿದ ಬಿಳಿ ಶರ್ಟು, ಜೇಬಿನಲ್ಲಿ ಒಂದು ಬಾಚಣಿಗೆ. ತಲೆಯಲ್ಲಿ ಬಾಚುವಷ್ಟು ಕೂದಲೇನೂ ಇರಲಿಲ್ಲ. ಕಾರು ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕಿ, ನಾಲ್ಕು ಕಡೆಯಿಂದಲೂ ಬಗ್ಗಿ ಅಡಿಯಲ್ಲಿ ನೋಡುತ್ತಿದ್ದರು. ನಾಯಿಮರಿ, ಕೋಳಿ, ಕುಡಿದು ಮಲಗಿದವನು, ಏನು ಬೇಕಾದರೂ ಇರಬಹುದು ಎಂದು. ಮೇಷ್ಟ್ರು ಪ್ರದಕ್ಷಿಣೆ ಹಾಕುತ್ತಿದ್ದಾರೆ ಎಂದು ಹೊಸಬರು ನಗುತ್ತಿದ್ದರು.

“ನಗಿ, ನಗಿ. ಒಂದಿನ ಅಡೀಲಿ ಯಾರಾರ ಸಿಕ್ತಾರಲ್ಲ, ಅವತ್ತು ನಗ ಬರಾಕಿಲ್ಲ” ಎನ್ನುತ್ತಿದ್ದರು. ತಾವು ಮಾತ್ರ ನಗುತ್ತಿರಲಿಲ್ಲ.

ಅವರ ಹತ್ತಿರ ಕಲಿಯುವವರು ಚಪ್ಪಲಿ ಬಿಡಬೇಕಿತ್ತು. ಹಿಂದಿನ ಸೀಟಿನ ಕೆಳಗೆ ಒಂದು ಗೋಣಿಚೀಲ ಇರುತ್ತಿತ್ತು, ಬ್ಯಾಂಕಿನ ಮ್ಯಾನೇಜರೇ ಬರಲಿ, ಎಲ್ಲರ ಬೂಟು ಚಪ್ಪಲಿ ಅದರೊಳಕ್ಕೆ. ಪೆಡಲ್ಲಿನ ಮೇಲೆ ಬರಿಗಾಲು. “ಕ್ಲಚ್ಚು ಎಲ್ಲಿ ಇಡೀತದೆ ಅಂತ ಅಂಗಾಲಿಗೆ ಗೊತ್ತಾಗ್ಬೇಕು ಕಣ್ರೀ. ಚಪ್ಲಿಗೆ ಗೊತ್ತಾದ್ರೆ ಏನ್ ಬಂತು?” ಇದು ಮೊದಲ ಪಾಠ. ಎರಡನೆಯದು, ಓಡಿಸುವಾಗ ಕೆಳಗೆ ನೋಡಬಾರದು. ಪೆಡಲ್ಲು ಎಲ್ಲಿದೆ ಎಂದು ಯಾರಾದರೂ ತಲೆ ಬಗ್ಗಿಸಿದರೆ ಆ ಬಾಚಣಿಗೆಯನ್ನು ಗಲ್ಲದ ಕೆಳಗಿಟ್ಟು ಮುಖ ಮೇಲೆತ್ತುತ್ತಿದ್ದರು. “ಕಾಲು ಎಲ್ಲೂ ಓಗಾಕಿಲ್ಲ, ಅದು ನಿಮ್ದೇ. ರಸ್ತೆ ನೋಡಿ.” ಆ ಬಾಚಣಿಗೆಯ ಹಲ್ಲು ನನ್ನ ಗಲ್ಲಕ್ಕೂ ಬೇಕಾದಷ್ಟು ಸಲ ಚುಚ್ಚಿದೆ.

ನಾನು ಅವರ ಹತ್ತಿರ ಹೋದದ್ದು ಆನೆಯ ದೆಸೆಯಿಂದ. ನಾನು ಹನಗೋಡಿನ ಕಡೆ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ, ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರಮ್ಮ. ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಫೋನು ಬಂದರೆ ಹೊತ್ತು ಗೊತ್ತಿಲ್ಲದೆ ಹೋಗಬೇಕು, ಹನ್ನೆರಡು ವರ್ಷ ಸ್ಕೂಟರಿನಲ್ಲೇ ಹೋದೆ. ಒಂದು ಬೆಳಿಗ್ಗೆ ಮಂಜಿನಲ್ಲಿ ಹೊಗೆಸೊಪ್ಪಿನ ಹೊಲದ ಬದಿಗೆ ಯಾರೋ ಲಾರಿ ನಿಲ್ಲಿಸಿದ್ದಾರೆ ಎಂದುಕೊಂಡು ಹತ್ತಿರ ಹೋದರೆ ಆ ಲಾರಿ ಕಿವಿ ಬೀಸಿತು. ಸ್ಕೂಟರ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಹಿಂದೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ, ಉಸಿರು ಕೂಡ ಅದಕ್ಕೆ ಕೇಳಿಸದಿರಲಿ ಎಂದು. ಆಮೇಲೆ ಒಂದು ವಾರ ಸ್ಕೂಟರ್ ಮುಟ್ಟಲಿಲ್ಲ. ಕಾರು ತೆಗೆದುಕೊಳ್ಳೋಣ ಎಂದು ನಾನೇ ಹೇಳಿದೆ.

ನಮ್ಮ ಯಜಮಾನರು ಇದನ್ನೇ ಕಾಯುತ್ತಿದ್ದರು. ಗೊಬ್ಬರದ ಅಂಗಡಿ ಅವರದು, ಆದರೆ ಮನಸ್ಸು ಮೊಬೈಲಿನ ಕಾರಿನ ವೀಡಿಯೊಗಳಲ್ಲಿ. ಸಣ್ಣ ಕಾರು ಎಂದರೆ ಮುಖ ಹುಳಿ ಮಾಡಿದರು. ಎತ್ತರದ ಎಸ್‌ಯುವಿ ಆಗಬೇಕು, ಕಪ್ಪು ಚಾವಣಿ, ಕೆಂಪು ಮೈ, ಸ್ಪೋರ್ಟ್ಸ್ ಮೋಡ್ ಬೇರೆ. ಅಲ್ಲಿಯವರೆಗೂ ನಾನು ಒಪ್ಪಿದೆ, ಎತ್ತರದ ಗಾಡಿಯಾದರೆ ಆನೆಗೂ ನಮಗೂ ನಡುವೆ ಸ್ವಲ್ಪ ತಗಡಾದರೂ ಹೆಚ್ಚಿಗೆ ಇರುತ್ತದೆ. ಜಗಳ ಹತ್ತಿದ್ದು ಗೇರಿನ ಮೇಲೆ. ಕೈಯಲ್ಲಿ ಗೇರು ಬದಲಾಯಿಸುವ ಮ್ಯಾನ್ಯುವಲ್ಲೋ, ತಾನೇ ಬದಲಾಯಿಸಿಕೊಳ್ಳುವ ಆಟೊಮ್ಯಾಟಿಕ್ಕೋ?

“ಗೇರ್ ಹಾಕ್ದೆ ಓಡ್ಸೋದು ಅಂದ್ರೆ ಉಪ್ಪಿಲ್ದೆ ಸಾರು ಉಂಡಂಗೆ. ಸ್ಪೋರ್ಟ್ಸ್ ಗಾಡಿ ತಗಂಡು ಸೋಫಾ ಮೇಲೆ ಕೂತಂಗೆ ಕೂರ್ತೀಯಾ?” ಎಂದರು ಯಜಮಾನರು.

ನನಗೆ ಬೇಕಾಗಿದ್ದದ್ದು ಸೋಫಾನೇ. ಹೆದರಿಕೆ ಆದಾಗ ನನ್ನ ಎಡಗಾಲು ನಡುಗುತ್ತದೆ. ನಡುಗುವ ಕಾಲಿನಲ್ಲಿ ಕ್ಲಚ್ಚು ಬಿಟ್ಟರೆ ಗಾಡಿ ಒಂದು ಸಲ ಕೆಮ್ಮಿ ಆಫ್ ಆಗುತ್ತದೆ. ಆನೆಯ ಮುಂದೆ ಆಫ್ ಆದ ಗಾಡಿಯಲ್ಲಿ ಕೂತಿರುವ ನನ್ನನ್ನು ನಾನು ದಿನಾ ನೆನೆಸಿಕೊಳ್ಳುತ್ತಿದ್ದೆ. ಮೇಷ್ಟ್ರು ನನ್ನ ಪರ ಹೇಳುತ್ತಾರೆ ಎಂದುಕೊಂಡಿದ್ದೆ, ಹೆದರುವವರ ಕಷ್ಟ ಹೆದರುವವರಿಗೆ ತಾನೆ ಗೊತ್ತು. ಅವರು ಯಜಮಾನರ ಪಕ್ಷಕ್ಕೆ ಹೋದರು.

“ಎಡ್ಗಾಲಿಗೆ ಕೆಲ್ಸ ಇಲ್ದಿದ್ರೆ ತಲೆಗೂ ಕೆಲ್ಸ ಇರಾಕಿಲ್ಲ ಡಾಕ್ಟ್ರಮ್ಮ. ಕ್ಲಚ್ಚಿನ ಮೇಲೆ ಕಾಲಿದ್ರೆ ಗಾಡಿ ನಿಮ್ ಕೈಲಿ ಅದೆ ಅಂತ. ಆಟೊಮ್ಯಾಟಿಕ್ಕು ಅದ್ರ ಪಾಡಿಗೆ ಓಯ್ತಿರ್ತದೆ. ನೀವು ಬ್ರೇಕಿಂದ ಕಾಲ್ ತೆಗೆದ್ರೆ ಸಾಕು, ಕೇಳ್ದೆ ಕೇಳ್ದೆ ಮುಂದಕ್ಕೆ ಸರೀತದೆ. ನಂಗೆ ಅದೇ ಭಯ.”

ಅವರ ಕಲಿಸುವ ರೀತಿಯಲ್ಲಿ ಹೆದರಿಕೆಗೆ ಒಂದು ಮರ್ಯಾದೆ ಇತ್ತು. ಎಲ್ಲರೂ “ಹೆದರಬೇಡಿ” ಎಂದು ಕಲಿಸಿದರೆ ಇವರು “ಎದರ್ಕಳಿ, ಆದ್ರೆ ಕಣ್ ಮುಚ್ಕಬೇಡಿ” ಎನ್ನುತ್ತಿದ್ದರು. ಕಲ್ಕುಣಿಕೆ ಸರ್ಕಲ್ಲಿನಲ್ಲಿ ನಾನು ನಾಲ್ಕು ಕಡೆಯ ಬಸ್ಸುಗಳ ಮಧ್ಯೆ ಗಾಡಿ ಆಫ್ ಮಾಡಿಕೊಂಡು ಅಳು ಬಂದಂತಾಗಿ ಕೂತಾಗ ಅವರು ಬೈಯಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ಇಡೀ ಸರ್ಕಲ್ಲಿಗೇ ‘ತಡೀರಿ’ ಎನ್ನುವ ಹಾಗೆ ಹಿಡಿದರು. “ಅವ್ರೆಲ್ಲ ಕಾಯ್ತಾರೆ. ಕಾಯ್ದೆ ಏನ್ ಮಾಡ್ತಾರೆ? ನೀವು ನಿಧಾನಕ್ಕೆ ಕಾಲ್ ಎತ್ತಿ.” ನಾನು ಎತ್ತಿದೆ. ಗಾಡಿ ಹೋಯಿತು. ಅವತ್ತಿನಿಂದ ಅವರ ಮೇಲೆ ನನಗೆ ಬಂದ ಗೌರವ, ಆಮೇಲೆ ಮಾಡಿದ ತಪ್ಪಿಗೂ ಕಾರಣವಾಯಿತು.

ಮೊದಲ ಸೂಚನೆ ಸಿಕ್ಕಿದ್ದು ಲಕ್ಷ್ಮಣತೀರ್ಥದ ಸೇತುವೆಯ ಹತ್ತಿರದ ಏರಿನಲ್ಲಿ. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದು ನನಗೆ ಬಗ್ಗುತ್ತಿರಲಿಲ್ಲ. ಮೇಷ್ಟ್ರು ನನ್ನನ್ನು ಎಬ್ಬಿಸಿ ತಾವು ಕೂತು ಎರಡು ಸಲ ಮಾಡಿ ತೋರಿಸಿದರು. ಮತ್ತೆ ನಾನು ಕೂತು ಕ್ಲಚ್ಚಿನ ಮೇಲೆ ಕಾಲಿಟ್ಟರೆ ರಬ್ಬರು ಒದ್ದೆಯಾಗಿತ್ತು. ಪಾಠ ಮರೆತು ಕೆಳಗೆ ನೋಡಿದೆ. ರಕ್ತ.

“ನಿಮ್ ಕಾಲ್ಗೇನೋ ಆಗದೆ, ನೋಡ್ಕಳಿ” ಎಂದರು ಮೇಷ್ಟ್ರು.

ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಅವರ ಎಡ ಅಂಗಾಲಿನಲ್ಲಿ ಉಗುರಿನಗಲದ ಗಾಜಿನ ಚೂರು ಅರ್ಧ ಒಳಗೆ ಹೋಗಿ ಕೂತಿತ್ತು. ಅವರು ಕಾಲು ಮಡಚಿ ಅದನ್ನು ನೋಡಿ, ಪಂಚೆಗೆ ಅಂಟಿದ ಮುಳ್ಳು ಕೀಳುವ ಹಾಗೆ ಕಿತ್ತು ಕಿಟಕಿಯಾಚೆ ಎಸೆದರು. ಮುಖ ಕಿವುಚಲೂ ಇಲ್ಲ.

“ನೋವಾಗ್ಲಿಲ್ವಾ ಮೇಷ್ಟ್ರೇ?”

“ಲಾರಿ ಡ್ರೈವರ್ ಕಾಲು ಕಣವ್ವ. ಗೊರಸು ಇದ್ದಂಗೆ.”

ಗೊರಸಿಗೂ ನೋವಾಗುತ್ತದೆ. ದಿನಾ ಅದನ್ನೇ ನೋಡುವವಳು ನಾನು. ಆದರೂ ಕರವಸ್ತ್ರ ಕೊಟ್ಟು, ಕಟ್ಟಿಕೊಳ್ಳಿ ಎಂದು ಹೇಳಿ ಸುಮ್ಮನಾದೆ.

ಅದೇ ದಿನಗಳಲ್ಲಿ ಅವರ ಮನೆಯಾಕೆ ಒಂದು ತಮಾಷೆ ಹೇಳಿದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೇಷ್ಟ್ರು ಸಂತೆಗೆ ಹೋದವರು ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರಂತೆ. ಎಡಗಾಲಿನದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿದೆ, ಇವರಿಗೆ ತಿಳಿದೇ ಇಲ್ಲ. “ಇನ್ನೊಂದೆಲ್ಲಿ ಅಂದ್ರೆ, ಆಕ್ಕಂಡಿದೀನಲ್ಲ ಅಂತ ನನ್ನೇ ಗದರ್ತಾರೆ” ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಮೇಷ್ಟ್ರು ಜೇಬಿನ ಬಾಚಣಿಗೆ ತೆಗೆದು, ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು.

ನನಗೆ ಲೈಸೆನ್ಸ್ ಬಂತು. ಮೈಸೂರಿನ ಶೋರೂಮಿನವರು ಆಟೊಮ್ಯಾಟಿಕ್ ಎಸ್‌ಯುವಿಯನ್ನು ಓಡಿಸಿ ನೋಡಲಿ ಎಂದು ನಮ್ಮ ಮನೆಯ ಬಾಗಿಲಿಗೇ ತಂದರು. ಯಜಮಾನರು ಅಂಗಡಿ ಬಿಟ್ಟು ಬರಲಾಗದೆ, “ಮೇಷ್ಟ್ರನ್ನ ಕರ್ಕಂಡ್ ಓಗು, ಅವ್ರೇ ಓಡ್ಸಿ ನೋಡಿ ಬೇಡ ಅಂತಾರೆ, ನೋಡ್ಕೋ” ಎಂದರು. ಮೇಷ್ಟ್ರು ಗಾಡಿಯ ಸುತ್ತು ಬಂದು, ಅಡಿಯಲ್ಲಿ ನೋಡಿ, ಚಪ್ಪಲಿ ಬಿಟ್ಟು ಹತ್ತಿದರು. ಪಕ್ಕದಲ್ಲಿ ಶೋರೂಮಿನ ಹುಡುಗಿ, ಹಿಂದೆ ನಾನು. ಕೋಟೆ ರಸ್ತೆಯಲ್ಲಿ ನಾಲ್ಕು ಮೈಲಿ ಚೆನ್ನಾಗಿಯೇ ಹೋದೆವು. ಮುಂದೊಂದು ಎತ್ತಿನ ಗಾಡಿ ಸಿಕ್ಕಿತು. ಮೇಷ್ಟ್ರು ನಿಧಾನ ಮಾಡಲು ಹೋದರು. ಮೂವತ್ತು ವರ್ಷದ ಅಭ್ಯಾಸ, ಎಡಗಾಲು ಕ್ಲಚ್ಚು ಹುಡುಕಿಕೊಂಡು ಹೋಗಿ ಬಲವಾಗಿ ತುಳಿಯಿತು. ಅಲ್ಲಿ ಕ್ಲಚ್ಚು ಇರಲಿಲ್ಲ, ಅಗಲವಾದ ಬ್ರೇಕು ಇತ್ತು. ಗಾಡಿ ರಸ್ತೆಯ ಮಧ್ಯೆ ಗಕ್ಕನೆ ನಿಂತಿತು. ನನ್ನ ಹಣೆ ಮುಂದಿನ ಸೀಟಿಗೆ ಹೊಡೆಯಿತು. ಹಿಂದೆ ಬರುತ್ತಿದ್ದ ಬಸ್ಸು ಕಿರುಚಿಕೊಂಡು ನಮ್ಮ ಪಕ್ಕಕ್ಕೆ ಬಂದು ನಿಂತಿತು. ಅದರೊಳಗಿನ ಹೆಂಗಸರ ಮುಖಗಳು ನನ್ನ ಕಿಟಕಿಗೆ ಅಷ್ಟು ಹತ್ತಿರ ಇದ್ದವು.

“ಪರವಾಗಿಲ್ಲ ಸರ್, ಗೇರ್ ಗಾಡಿ ಓಡಿಸೋರೆಲ್ಲಾ ಮೊದ್ಲು ಹಿಂಗೇ ಮಾಡ್ತಾರೆ. ಎಡಗಾಲು ಹಿಂದಕ್ಕೆ ಮಡಚಿ ಇಟ್ಕೊಂಡ್ ಬಿಡಿ” ಎಂದಳು ಆ ಹುಡುಗಿ. ನಗುತ್ತಿದ್ದರೂ ಅವಳ ತುಟಿ ಬಿಳಿಚಿತ್ತು.

“ಆಯ್ತವ್ವ” ಎಂದು ಮೇಷ್ಟ್ರು ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಗುಡುಗಿತು. ಗಾಡಿ ಕದಲಲಿಲ್ಲ. ಇನ್ನಷ್ಟು ಒತ್ತಿದರು. ಗಾಡಿ ನಡುಗಿತು, ಕದಲಲಿಲ್ಲ. “ಯಾಕೆ ಓಯ್ತಿಲ್ಲ ಇದು?” ಎಂದರು.

“ಸರ್, ಎಡಗಾಲು ಬ್ರೇಕ್ ಮೇಲೇ ಇದೆ.”

“ಇಲ್ಲ, ತೆಗ್ದೆ.”

ಆಗ ಅವರು ಕೆಳಗೆ ನೋಡಿದರು. ತಲೆ ಪೂರ್ತಿ ಬಗ್ಗಿಸಿ, ಸ್ಟಿಯರಿಂಗಿನ ಕೆಳಗೆ, ತಮ್ಮ ಕಾಲು ಎಲ್ಲಿದೆ ಎಂದು ಹುಡುಕಿದರು. ಸಿಕ್ಕಿದ ಮೇಲೆ ಕೈಯಿಂದ ಪ್ಯಾಂಟಿನ ಬಟ್ಟೆ ಹಿಡಿದು ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಗಾಜಿನ ಚೂರು, ಕಳೆದ ಚಪ್ಪಲಿ, ಎಲ್ಲ ಒಟ್ಟಿಗೆ ಅರ್ಥವಾಯಿತು. ಈ ಕಾಲು ಪ್ರತಿ ಬೆಳಿಗ್ಗೆ ಕಲಿಯುವವರ ಪಕ್ಕದಲ್ಲಿ ಕೂರುತ್ತದೆ. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ನಮ್ಮ ಜೀವ ಇರುವುದು ಆ ಎರಡರ ಮೇಲೆ.

ಹುಡುಗಿ ಗಾಡಿ ತೆಗೆದುಕೊಂಡು ಹೋದ ಮೇಲೆ ನಮ್ಮ ಜಗುಲಿಯಲ್ಲಿ ಕೂರಿಸಿ ಕೇಳಿದೆ. “ಎಷ್ಟು ದಿನದಿಂದ ಮೇಷ್ಟ್ರೇ?”

“ಏನು?”

“ಕಾಲು.”

ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು. “ವರ್ಸ ಆಯ್ತು. ಸಕ್ರೆ ಕಾಯ್ಲೆ ಇತ್ತಲ್ಲ. ಮೊದ್ಲು ಇರುವೆ ಅರಿದಂಗೆ ಆಯ್ತಿತ್ತು. ಆಮೇಲೆ ಅದೂ ನಿಂತೋಯ್ತು. ವಾಸಿ ಆಯ್ತು ಅನ್ಕಂಡೆ.”

“ಯಾರಿಗೆ ಹೇಳಿದೀರಿ?”

“ನಿಮ್ಗೆ. ಈಗ.”

“ನಾಳೆಯಿಂದ ನಿಲ್ಲಿಸಿ. ಮೈಸೂರಿಗೆ ಹೋಗಿ ತೋರಿಸಿ.”

“ನಿಲ್ಲಿಸ್ತೀನಿ. ಅದೊಂದು ಮಗು ಮುಗೀಲಿ” ಎಂದರು. ಮಗು ಎಂದರೆ ಶಬಾನಾ, ಪೇಟೆಯ ಮರಗೆಲಸದವರ ಮಗಳು, ಇಪ್ಪತ್ತೆರಡು ವರ್ಷದವಳು. ಅವರಪ್ಪ ಮಾಡಿದ ಮಂಚ, ಮೇಜುಗಳನ್ನು ಪಿರಿಯಾಪಟ್ಟಣ, ಕೆ.ಆರ್. ನಗರದವರೆಗೆ ಮುಟ್ಟಿಸುವ ಗಾಡಿಯನ್ನು ತಾನೇ ಓಡಿಸಬೇಕೆಂದು ಹಠ ಹಿಡಿದಿದ್ದಳು. ಲೈಸೆನ್ಸ್ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. “ಬೇರೆ ಕಡೆ ಕಳ್ಸಿದ್ರೆ ಅವ್ರಪ್ಪ ಬುಡಾಕಿಲ್ಲ. ನಾನು ಅಂತ ಬುಟ್ಟವ್ರೆ. ಉಳ್ದೋರ್ನೆಲ್ಲ ನಾಳೆನೇ ಬೇರೆ ಸ್ಕೂಲ್ಗೆ ಕಳಿಸ್ತೀನಿ. ಹದ್ನೈದು ದಿನ ಡಾಕ್ಟ್ರಮ್ಮ. ಅಲ್ಲೀಗಂಟ ಯಾರ್ಗೂ ಏಳ್ಬೇಡಿ.”

ನಾನು ಆಗಲ್ಲ ಎನ್ನಬೇಕಿತ್ತು. ಅಕ್ಕನಿಗೆ ಹೇಳಬೇಕಿತ್ತು, ಶಬಾನಾಳ ಅಪ್ಪನಿಗೆ ಹೇಳಬೇಕಿತ್ತು. ಸರ್ಕಲ್ಲಿನ ಬಸ್ಸುಗಳನ್ನೆಲ್ಲ ಅಂಗೈಯಲ್ಲಿ ನಿಲ್ಲಿಸಿದ ಮನುಷ್ಯ ನನ್ನ ಜಗುಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹೇಳಲಾಗಲಿಲ್ಲ. ಅದರ ಬದಲು ಒಂದು ಷರತ್ತು ಹಾಕಿದೆ. ದಿನಾ ಬೆಳಿಗ್ಗೆ ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ನಿಮ್ಮ ಕಾಲನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಇದಕ್ಕಿಂತ ದೊಡ್ಡ ಮೂರ್ಖತನವನ್ನು ನಾನು ಜೀವನದಲ್ಲಿ ಮಾಡಿಲ್ಲ. ಆಗ ಅದು ಬುದ್ಧಿವಂತಿಕೆ ಅನ್ನಿಸಿತ್ತು.

ಬೆಳಿಗ್ಗೆ ಆರೂವರೆಗೆ ಹೊರಡುತ್ತಿದ್ದೆವು. ಶಬಾನಾ ಸ್ಟಿಯರಿಂಗಿನ ಹಿಂದೆ, ಮೇಷ್ಟ್ರು ಅವಳ ಎಡಕ್ಕೆ, ನಾನು ಹಿಂದೆ ಎರಡು ಸೀಟುಗಳ ಮಧ್ಯೆ ತಲೆ ತೂರಿಸಿಕೊಂಡು. ಡಾಕ್ಟ್ರಮ್ಮ ಅಭ್ಯಾಸ ಬಿಟ್ಟುಹೋಗದಿರಲಿ ಎಂದು ಬರುತ್ತಾರೆ ಎಂದು ಅವಳಿಗೆ ಹೇಳಿದ್ದೆವು. ಅವಳ ಕಣ್ಣು ರಸ್ತೆಯ ಮೇಲೆ, ನನ್ನದು ಆ ಕಾಲಿನ ಮೇಲೆ. ಅದು ಕ್ಲಚ್ಚಿನಿಂದ ಜಾರಿದರೆ “ಮೇಷ್ಟ್ರೇ” ಎನ್ನುತ್ತಿದ್ದೆ. ಅವರು ನೋಡಿ ಸರಿಮಾಡಿಕೊಳ್ಳುತ್ತಿದ್ದರು. ಕಾಲು ಅವರದು, ಅದರ ಸುದ್ದಿ ಹೇಳುವವಳು ನಾನು. ಮೂರನೆಯ ದಿನದಿಂದ ನನಗೆ ರಾತ್ರಿ ಊಟ ಸೇರದಾಯಿತು. ಕರು ಎಳೆಯುವಾಗಲೂ ಕಣ್ಣ ಮುಂದೆ ಅದೇ ಪಾದ, ಅದೇ ಕೊಳಕು ರಬ್ಬರು. ಮೇಷ್ಟ್ರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಗಾಡಿಯ ಅಡಿಯನ್ನು ನಾಲ್ಕು ಕಡೆಯಿಂದ ನೋಡುತ್ತಿದ್ದವರು ಈಗ ಎರಡೆರಡು ಸುತ್ತು ನೋಡುತ್ತಿದ್ದರು. ಅಂಗೈ ಬೆವರನ್ನು ಶರ್ಟಿಗೆ ಒರೆಸಿಕೊಂಡು ಒರೆಸಿಕೊಂಡು ಬಿಳಿ ಶರ್ಟಿನ ಮೇಲೆ ಎರಡು ಕಂದು ಗುರುತು ಬಿದ್ದಿದ್ದವು. ಶಬಾನಾ ಮಾತ್ರ ಚೆನ್ನಾಗಿ ಕಲಿಯುತ್ತಿದ್ದಳು.

ಹನ್ನೊಂದನೆಯ ಬೆಳಿಗ್ಗೆ ಹನಗೋಡಿನ ರಸ್ತೆಯಲ್ಲಿ ಒಂದು ಊರು ದಾಟುತ್ತಿದ್ದೆವು. ಡೈರಿಗೆ ಹಾಲು ಹಾಕುವ ಹೊತ್ತು. ನನ್ನ ಫೋನು ಹೊಡೆದುಕೊಂಡಿತು. ನೋಡಿದ್ದು ಒಂದೇ ಕ್ಷಣ, ಆಸ್ಪತ್ರೆಯದು. ತಲೆ ಎತ್ತಿದಾಗ ಒಬ್ಬ ಹೆಂಗಸು ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಸಂದಿಯಿಂದ ರಸ್ತೆಗೆ ಕಾಲಿಟ್ಟಾಗಿತ್ತು. ನಮ್ಮ ಕಡೆ ಅವಳ ನೋಟವಿರಲಿಲ್ಲ.

ಮೇಷ್ಟ್ರು ಬಲಗಾಲಿನಲ್ಲಿ ತಮ್ಮ ಕಡೆಯ ಬ್ರೇಕು ತುಳಿದರು. ನಾನು ಕಣ್ಣಾರೆ ಕಂಡೆ, ಇಡೀ ಮೈಭಾರ ಹಾಕಿ ತುಳಿದರು. ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದರು, ಮತ್ತೆ ಇಲ್ಲ. “ಬ್ರೇಕು, ಬ್ರೇಕು” ಎಂದರು. ಅವರ ಎಡಪಾದ ಕ್ಲಚ್ಚಿನಿಂದ ಜಾರಿ ಬ್ರೇಕ್ ಪೆಡಲ್ಲಿನ ಅಡಿಗೆ ಹೋಗಿ ಸಿಕ್ಕಿಕೊಂಡಿತ್ತು. ಅವರು ತುಳಿದದ್ದೆಲ್ಲ ತಮ್ಮದೇ ಕಾಲಿನ ಮೇಲೆ ಬೀಳುತ್ತಿತ್ತು.

ನಿಲ್ಲಿಸಿದವಳು ಶಬಾನಾ. ಅವಳ ಬರಿಗಾಲು ತಾನೇ ತನ್ನ ಬ್ರೇಕಿಗೆ ಹೋಗಿ ಒತ್ತಿತು. ಮೇಷ್ಟ್ರ ಪೆಡಲ್ಲು ಕೇಬಲ್ಲಿನದು, ಅವರು ಒತ್ತಿದರೆ ಅವಳದು ಇಳಿಯುತ್ತದೆ, ಅವಳು ಒತ್ತುವುದಕ್ಕೆ ಅವರ ಹಂಗಿಲ್ಲ. ನಮ್ಮೆಲ್ಲರ ಪುಣ್ಯ ಅಷ್ಟಿತ್ತು. ಗಾಡಿ ಜಾರಿಕೊಂಡು ಹೋಗಿ ಕ್ಯಾನಿಗೆ ತಾಗಿ ನಿಂತಿತು. ಕ್ಯಾನು ಉರುಳಿತು. ಹಾಲು ರಸ್ತೆಯ ತುಂಬ ಹರಿಯಿತು. ಹೆಂಗಸು ಹಿಂದಕ್ಕೆ ಕೂತುಬಿಟ್ಟಳು, ಮರುಕ್ಷಣವೇ ಎದ್ದಳು.

“ಕಣ್ ಕಾಣಾಕಿಲ್ವಾ ನಿಮ್ಗೆ? ಮನೇಲಿ ಮೂರ್ ಮಕ್ಳವ್ರೆ ನಂಗೆ” ಎಂದು ಬಾನೆಟ್ಟಿಗೆ ಎರಡು ಕೈಯಲ್ಲೂ ಗುದ್ದಿದಳು. ಶಬಾನಾ ಸ್ಟಿಯರಿಂಗ್ ಬಿಡದೆ ಅಳುತ್ತಿದ್ದಳು.

ಮೇಷ್ಟ್ರು ಇನ್ನೂ ತುಳಿಯುತ್ತಲೇ ಇದ್ದರು. ಗಾಡಿ ನಿಂತು ಅಷ್ಟು ಹೊತ್ತಾಗಿದ್ದರೂ ಅವರ ಬಲಗಾಲು ಆ ಪೆಡಲ್ಲನ್ನು ಬಿಟ್ಟಿರಲಿಲ್ಲ. ನಾನು ಇಳಿದು, ಅವರ ಬಾಗಿಲು ತೆಗೆದು, ಬಗ್ಗಿ ಆ ಪಾದವನ್ನು ಎರಡು ಕೈಯಿಂದ ಹೊರಕ್ಕೆ ಎಳೆದೆ. ಹೆಬ್ಬೆರಳು ಒಂದು ಕಡೆಗೆ ತಿರುಗಿತ್ತು, ಉಗುರು ಎದ್ದು ಹೋಗಿತ್ತು. ಅವರು ಅದನ್ನು ಬೇರೆ ಯಾರದೋ ಕಾಲು ಎನ್ನುವ ಹಾಗೆ ನೋಡಿದರು.

“ಇದೇನಾಯ್ತು ಡಾಕ್ಟ್ರಮ್ಮ?” ಎಂದು ನನ್ನನ್ನೇ ಕೇಳಿದರು.

ಅವತ್ತೇ ಅವರು ಶಾಲೆ ಮುಚ್ಚಿದರು. ಮಧ್ಯಾಹ್ನ ನಾನು ಅಕ್ಕನಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬೆರಳು ತೆಗೆದರು, ಗಾಯ ಮಾಗಲಿಲ್ಲ. ಪಾದ ತೆಗೆಯಬೇಕಾಯಿತು, ಅದೂ ಸಾಲದೆ ಮಂಡಿಯ ಕೆಳಗಿನವರೆಗೂ ಹೋಯಿತು. ಮೊದಲೇ ಬಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ಎಲ್ಲರಿಗೂ ಹೇಳುವ ಹಾಗೆಯೇ ನಮಗೂ ಹೇಳಿದರು. ಎಷ್ಟು ಮೊದಲು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹನ್ನೊಂದು ದಿನ ಮೊದಲು ನನಗೆ ಗೊತ್ತಿತ್ತು. ಶಬಾನಾ ಗೊತ್ತುಮಾಡಿದ ದಿನವೇ ಪರೀಕ್ಷೆ ಕೊಟ್ಟು ಪಾಸಾದಳು, ಈಗ ಮಂಚ, ಮೇಜು ಮುಟ್ಟಿಸುವ ಗಾಡಿಯನ್ನು ಅವಳೇ ಓಡಿಸುತ್ತಾಳೆ. ಎದುರಿಗೆ ಸಿಕ್ಕಿದರೆ ನಿಲ್ಲಿಸಿ ಮಾತಾಡಿಸುತ್ತಾಳೆ. ನನಗೇ ಅವಳ ಮುಖ ನೋಡಲು ಹಿಂಜರಿಕೆ.

ನಮ್ಮ ಗಾಡಿಯ ತೀರ್ಮಾನವನ್ನು ಆಮೇಲೆ ನಾನೊಬ್ಬಳೇ ಮಾಡಿದೆ. ಆಟೊಮ್ಯಾಟಿಕ್ ಎಂದೆ. ಯಜಮಾನರು ನನ್ನ ಮುಖ ನೋಡಿ ಒಪ್ಪಿದರು. ನನ್ನ ನಡುಗುವ ಕಾಲಿಗಾಗಿ ತೆಗೆದುಕೊಂಡೆ ಎಂದು ಎಲ್ಲರಿಗೂ ಹೇಳಿದೆ, ಅದು ನಿಜವೂ ಹೌದು. ಆದರೆ ಬುಕ್ ಮಾಡುವಾಗ ಶೋರೂಮಿನ ಹುಡುಗಿ, “ಇದಕ್ಕೆ ಎಡಗಾಲೇ ಬೇಡ ಮೇಡಂ” ಎಂದಾಗ ನನಗೆ ನೆನಪಾದದ್ದು ನನ್ನ ಕಾಲಲ್ಲ.

ಗಾಡಿ ಬಂದ ವಾರದಲ್ಲಿ ಅವರಿಗೆ ತೋರಿಸಲು ಹೋದೆ. ಮೇಷ್ಟ್ರು ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂತಿದ್ದರು, ಮಡಚಿದ ಪ್ಯಾಂಟಿನ ತುದಿಗೆ ಪಿನ್ನು. ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಎದ್ದರು. ಕೆಂಪು ಗಾಡಿಯ ಸುತ್ತ ಕುಂಟಿಕೊಂಡೇ ಪೂರ್ತಿ ಒಂದು ಸುತ್ತು ಬಂದರು. ಬಗ್ಗಲು ಮಾತ್ರ ಆಗಲಿಲ್ಲ.

“ಆಟೊಮ್ಯಾಟಿಕ್ಕೇ ತಗಂಡ್ರಾ?”

“ಹೂಂ ಮೇಷ್ಟ್ರೇ.”

“ಒಳ್ಳೇದ್ ಮಾಡಿದ್ರಿ.” ಕಿಟಕಿಯಿಂದ ಒಳಗೆ ನೋಡಿದರು. ಎರಡೇ ಪೆಡಲ್ಲು. ಬಹಳ ಹೊತ್ತು ನೋಡಿದರು. “ಇದಕ್ಕೆ ಒಂದೇ ಕಾಲು ಸಾಕಲ್ವಾ?” ಎಂದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು. “ಒಂದ್ ಸುತ್ತು ಕೊಡ್ತೀರಾ ಡಾಕ್ಟ್ರಮ್ಮ? ಬಲ್ಗಾಲು ನಂದು ಕಲ್ಲಿದ್ದಂಗೆ ಅದೆ. ಡೈರಿಗಂಟ ಓಗಿ ಬಂದ್ಬುಡ್ತೀನಿ.”

ಅವರ ಮುಖದಲ್ಲಿ ಆಸೆ ಅಷ್ಟು ಕಾಣುತ್ತಿತ್ತು. ಕೀ ನನ್ನ ಕೈಯಲ್ಲೇ ಇತ್ತು. ಅದೇ ಹಳೆಯ ಹೆದರಿಕೆ ಮತ್ತೆ ಬಂತು.

“ಕೂತ್ಕೊಳ್ಳಿ ಮೇಷ್ಟ್ರೇ, ಒಂದು ನಿಮಿಷ” ಎಂದೆ. ಕರು ಹಾಕಿ ಏಳಲಾಗದೆ ಬಿದ್ದ ಹಸುವಿನ ಕಾಲಿನಲ್ಲಿ ಜೀವ ಇದೆಯೋ ಇಲ್ಲವೋ ಎಂದು ನಾವು ಸೂಜಿಯಿಂದ ಚುಚ್ಚಿ ನೋಡುತ್ತೇವೆ. ಹಸು ಸುಳ್ಳು ಹೇಳುವುದಿಲ್ಲ, ನೋವಾದರೆ ಕಾಲು ಎಳೆದುಕೊಳ್ಳುತ್ತದೆ. ನನ್ನ ಹತ್ತಿರ ಸೂಜಿ ಇರಲಿಲ್ಲ, ಪೆನ್ನಿತ್ತು. ಅವರ ಮುಂದೆ ನೆಲದ ಮೇಲೆ ಕೂತು ಬಲಪಾದವನ್ನು ನನ್ನ ಮಡಿಲಿಗೆ ತೆಗೆದುಕೊಂಡೆ. ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

“ಕಣ್ಣು ಮುಚ್ಚಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ.”

ಅವರು ಕಣ್ಣು ಬಿಗಿಯಾಗಿ ಮುಚ್ಚಿದರು. ಪಾದದ ಮೇಲ್ಭಾಗಕ್ಕೆ ಪೆನ್ನಿನ ಮೊನೆ ಮುಟ್ಟಿಸಿದೆ.

“ಹೂಂ.”

ಹಿಮ್ಮಡಿಗೆ ಮುಟ್ಟಿಸಿದೆ. ಸ್ವಲ್ಪ ತಡೆದು, “ಹೂಂ” ಎಂದರು.

ಆಮೇಲೆ ನಾನು ಪೆನ್ನನ್ನು ಹಿಂದಕ್ಕೆ ತೆಗೆದು ಹಾಗೇ ಗಾಳಿಯಲ್ಲಿ ಹಿಡಿದುಕೊಂಡೆ. ಎಲ್ಲೂ ಮುಟ್ಟಿಸಲಿಲ್ಲ.

“ಹೂಂ” ಎಂದರು ಮೇಷ್ಟ್ರು. ನಾನು ಅಲುಗಾಡಲಿಲ್ಲ. ಒಂದು ಗಳಿಗೆ ಬಿಟ್ಟು, “ಹೂಂ, ಗೊತ್ತಾಯ್ತು. ಎಬ್ಬೆಟ್ಟು” ಎಂದರು. ಇನ್ನೊಂದು ಗಳಿಗೆ ಬಿಟ್ಟು, “ಹೂಂ, ಈಗ ಅಂಗಾಲು.”

ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು.

“ಪಾಸಾ ಡಾಕ್ಟ್ರಮ್ಮ?” ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಇಲ್ಲ ಮೇಷ್ಟ್ರೇ” ಎಂದೆ.

ಅವರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.